ಆಫೀಸಿನ ತುಂಬ ಜಯದೇವಿಯರು

ಟ್ರಾಯ್, ಮಿಷಿಗನ್
ಅಕ್ಟೋಬರ್ 5, 2025, ಭಾನುವಾರ

ಪ್ರೀತಿಯ ಜಯಕ್ಕಾ,

ನಿನ್ನ ಸೊಂಟದ ನೋವು ಹೇಗಿದೆ? ನಿಹಾರಿಕಾ ಸರಿಯಾಗಿ ಊಟ ಮಾಡುತ್ತಿದ್ದಾಳೆಯೇ, ಅಥವಾ ನೀನು ಮಾಡಿದ ಬಾಣಂತಿ ಲೇಹ್ಯ ಕಂಡು ಇನ್ನೂ “ಅಮ್ಮಾ, ಸೀರಿಯಸ್ಲೀ?” ಎನ್ನುತ್ತಾಳೆಯೇ? ಪಾಪುವಿನ ಫೋಟೋ ನೋಡಿದೆ. ಮೂಗು ನಿನ್ನದೇ, ಹಟವೂ ನಿನ್ನದೇ ಇದ್ದೀತು. ಫೋನಿನಲ್ಲಿ ಹೇಳಬಹುದಾದ ಸುದ್ದಿಯನ್ನೇ ಬರೆಯುತ್ತಿದ್ದೇನೆ. ಫೋನಾದರೆ ನಾನು ಬಾಯಿ ತೆರೆಯುವಷ್ಟರಲ್ಲಿ “ಬಿಡು, ನಾನೇ ನೋಡ್ಕೋತೀನಿ” ಎಂದುಬಿಡುತ್ತೀಯ. ನೀನಿಲ್ಲದೆ ನಮ್ಮ ಕಂಪನಿಯ ಲೆಕ್ಕವನ್ನು ನಾನು ನಡೆಸಬಲ್ಲೆನೇ ಎಂಬ ಅನುಮಾನ ನಿನಗಿಂತ ನನಗೇ ಹೆಚ್ಚಾಗಿತ್ತು. ಈ ವಾರ ಅದಕ್ಕೆ ಉತ್ತರ ಸಿಕ್ಕಿತು.

ಬುಧವಾರ ಆಯುಧಪೂಜೆ. ಪ್ರತಿವರ್ಷ ನೀನು ಮಾಡುವಂತೆಯೇ ಮಧ್ಯಾಹ್ನ ಕೆಲಸ ನಿಲ್ಲಿಸಿ, ಫೋಮ್ ಕತ್ತರಿಸುವ ಮೆಷಿನ್‌ಗಳಿಗೆ ಕುಂಕುಮವಿಟ್ಟು, ಕೊನೆಗೆ ಸರ್ವರ್ ಕಂಪ್ಯೂಟರನ್ನು ಆಫ್ ಮಾಡಿ ಸೇವಂತಿಗೆ ಏರಿಸಲು ಹೋದೆ. ಎಲ್ಲರೂ ಅಕೌಂಟಿಂಗ್ ಸಾಫ್ಟ್‌ವೇರ್ ಮುಚ್ಚಿದ್ದರು. ಆದರೂ ಪರದೆಯ ಮೇಲೆ, ಜಯದೇವಿ ಇನ್ನೂ ಒಳಗಿದ್ದಾರೆ ಎಂಬ ಎಚ್ಚರಿಕೆ ಬಂತು. ನಕ್ಕುಬಿಟ್ಟೆ. ಕಂಪನಿ ಶುರುವಾದಾಗ ನಿನ್ನ ಹೆಸರಿನಲ್ಲಿ ಮಾಡಿದ ಲಾಗಿನ್ ಒಂದನ್ನೇ ನಾವೆಲ್ಲ ಬಳಸುತ್ತ ಬಂದಿದ್ದೇವಲ್ಲ! ನಾನೂ ಜಯದೇವಿ, ಬಿಲ್ಲು ಬರೆಯುವ ಐಶ್ವರ್ಯಳೂ ಜಯದೇವಿ, ಗಡ್ಡ ಬಿಟ್ಟ ಅಶ್ವಥ್ ಕೂಡ ಜಯದೇವಿ. ಯಾರೋ ಸರಿಯಾಗಿ ಮುಚ್ಚಿಲ್ಲ ಎಂದುಕೊಂಡು ಆಫ್ ಮಾಡಿಬಿಟ್ಟೆ.

ಮರುದಿನ ಲೆಕ್ಕದ ಫೈಲು ತೆರೆಯಲಿಲ್ಲ. ಶುಕ್ರವಾರ ಎಲ್ಲರಿಗೂ ಸಂಬಳ ಹೋಗಬೇಕಿತ್ತು. ಸರ್ವರ್ ನೋಡಿಕೊಳ್ಳುವ ಕಲ್ಮೇಶ್ ಬಂದು, ಯಾರೋ ಕೆಲಸ ಮಾಡುತ್ತಿರುವಾಗಲೇ ಆಫ್ ಮಾಡಿದ್ದರಿಂದ ಫೈಲು ಕೆಟ್ಟಿದೆ ಎಂದರು. ಯಾರು ಎಲ್ಲಿಂದ ಒಳಬಂದಿದ್ದರೆಂಬ ಪಟ್ಟಿ ನೋಡಿ ಕೇಳಿದರು: “ಅಲ್ರೀ ಮೇಡಂ, ಈ ಆಫೀಸ್‌ನ್ಯಾಗ ಎಷ್ಟು ಮಂದಿ ಜಯದೇವಿ ಅದಾರ್ರೀ? ಒಬ್ಬರು ಇಲಿನಾಯ್‌ದಾಗೂ ಅದಾರಲ್ಲ!” ಆಗ ಗೊತ್ತಾಯಿತು. ಹಬ್ಬದ ದಿನ ಕೆಲಸದ ಸಾಮಾನು ಮುಟ್ಟಬಾರದೆಂದು ನಮಗೆಲ್ಲ ಕಲಿಸಿದ ನೀನೇ, ಅಲ್ಲಿ ಪ್ಲೇನ್‌ಫೀಲ್ಡಿನ ಮಗಳ ಮನೆಯಲ್ಲಿ ಪಾಪು ಮಲಗಿದ ಹೊತ್ತು ನೋಡಿ, ನಮ್ಮ ಬಿಲ್ಲುಗಳನ್ನು ತಿದ್ದುತ್ತ ಕೂತಿದ್ದೆ!

ನಿನ್ನನ್ನಷ್ಟೇ ದೂರುವುದಿಲ್ಲ. ಎಚ್ಚರಿಕೆ ಕಂಡಾಗ ಒಂದು ಫೋನ್ ಮಾಡಬಹುದಿತ್ತು. ಯಾಕೆ ಮಾಡಲಿಲ್ಲ ಎಂದು ನನ್ನನ್ನೇ ಕೇಳಿಕೊಂಡೆ. ಮಾಡಿದ್ದರೆ ಪೂಜೆಯನ್ನೂ ನೀನೇ ಅಲ್ಲಿಂದ ನಡೆಸುತ್ತಿದ್ದೆ, ಅದು ನನಗೆ ಬೇಡವಾಗಿತ್ತೇನೋ. ಪುಣ್ಯಕ್ಕೆ ಮಂಗಳವಾರದ ಬ್ಯಾಕಪ್ ಇತ್ತು. ಬುಧವಾರದ ಬಿಲ್ಲುಗಳನ್ನು ಐಶ್ವರ್ಯ ಇಮೇಲಿನಿಂದ ಹುಡುಕಿ ಓದಿದಳು, ನಾನು ಮತ್ತೆ ತುಂಬಿಸಿದೆ. ನೀನು ತಿದ್ದಿದ್ದು ಏನೆಂದು ಮಾತ್ರ ಇಲ್ಲಿ ಯಾರಿಗೂ ತಿಳಿಯದು, ಅದು ಹೋಯಿತು. ಸಂಬಳ ಸಮಯಕ್ಕೆ ಸರಿಯಾಗಿ ಹೋಯಿತು. ಒಮ್ಮೆಯೂ ನಿನಗೆ ಫೋನ್ ಮಾಡಬೇಕೆನಿಸಲಿಲ್ಲ ಅಕ್ಕಾ, ಅದೇ ನನಗೆ ಆಶ್ಚರ್ಯ. ಈಗ ಒಬ್ಬೊಬ್ಬರಿಗೂ ಅವರವರ ಹೆಸರಿನ ಲಾಗಿನ್ ಮಾಡಿಸಿದ್ದೇನೆ. “ಫೈನಲೀ ಐ ಎಕ್ಸಿಸ್ಟ್, ಆಂಟಿ!” ಎಂದ ಅಶ್ವಥ್.

ಪಾಪುವಿಗೆ ಈ ಚಿಕ್ಕಜ್ಜಿಯ ಮುತ್ತು, ನಿಹಾರಿಕಾಗೆ ಆಶೀರ್ವಾದ. ನೀನು ಮಧ್ಯಾಹ್ನ ಸ್ವಲ್ಪ ಮಲಗು.

ನಿನ್ನ ತಂಗಿ,
ಚೇತನಾ

ತಾ.ಕ.: ಅಡ್ಮಿನ್ ಹಕ್ಕು ಈಗ ನನ್ನ ಹೆಸರಿನಲ್ಲಿದೆ. ನಿನ್ನ ಲಾಗಿನ್‌ನಿಂದ ಎಲ್ಲವನ್ನೂ ನೋಡಬಹುದು, ಏನನ್ನೂ ತಿದ್ದಲಾಗದು. ಬಾಣಂತನ ಮುಗಿಯುವವರೆಗೆ ಮಾತ್ರ ಎಂದು ಮೊದಲು ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ. ನೀನು ವಾಪಸ್ ಬಂದ ಮೇಲೂ ಲೆಕ್ಕ ನನ್ನ ಕೈಯಲ್ಲೇ ಇರಲಿ. ಎಷ್ಟು ಬೇಕಾದರೂ ಬೈ, ಬೈಸಿಕೊಳ್ಳುತ್ತೇನೆ. ಪಾಸ್‌ವರ್ಡ್ ಮಾತ್ರ ಕೇಳಬೇಡ.