ಎರಡು ಜೇನು, ಎರಡು ತಾಯಿ

ತಿಕುಲ್, ಫೆಬ್ರವರಿ ೯

ಅಮ್ಮನಿಗೆ ನಿಕೊಲಾಸಾ ಮಾಡುವ ನಮಸ್ಕಾರ.

ನೀನು ಮನೆಗೆ ವಾಪಸು ಬರಬೇಕೆಂದಿರುವ ಸುದ್ದಿಯನ್ನು ಬಸಿಲಿಯಾ ಚಿಕ್ಕಮ್ಮ ಮೆರಿದಾ ಪಟ್ಟಣದಿಂದ ತಂದಳು. ನಿನಗೆ ಹುಷಾರಿಲ್ಲವಂತೆ, ನೀನು ಜೊತೆಗೆ ಹೋದ ಆ ಬಟ್ಟೆ ವ್ಯಾಪಾರಿಯೂ ಕೈಬಿಟ್ಟನಂತೆ. ಕೇಳಿ ನೋವಾಯಿತು. ಸುಳ್ಳೇಕೆ, ಒಳಗೊಳಗೇ ಸಮಾಧಾನವೂ ಆಯಿತು.

ಅಪ್ಪ ಹಿತ್ತಲ ತುಂಬ ಪೆಟ್ಟಿಗೆ ಜೇನು ಸಾಕಿದ್ದಾನೆ. ಅಜ್ಜಿ ನಿನ್ನ ಕೈಗಿಟ್ಟ, ಪೊಳ್ಳು ಮರದ ದಿಮ್ಮಿಗಳಲ್ಲಿ ಗೂಡುಕಟ್ಟುವ, ಕೊಂಡಿಯಿಲ್ಲದ ಜೇನನ್ನು ನೋಡಿಕೊಂಡು ಬಂದವಳು ನಾನು. ಒಂದೇ ಹೂವಿಗೆ ಹೋಗಿಬಂದರೂ ಇವೆರಡರ ಸಂಸಾರ ಬೇರೆ ಬೇರೆ. ಪೆಟ್ಟಿಗೆಯವು ಸಿಟ್ಟು ಬಂದರೆ ಚುಚ್ಚಿ ತಾವೂ ಸಾಯುತ್ತವೆ. ದಿಮ್ಮಿಯವು ಕೂದಲಿಗೆ ಸಿಕ್ಕಿಕೊಂಡು ಒಂದಿಷ್ಟು ಕಚ್ಚಾಡಿ ಸುಮ್ಮನಾಗುತ್ತವೆ, ಬಸಿಲಿಯಾ ಚಿಕ್ಕಮ್ಮನ ಜಗಳದ ಹಾಗೆ. ಪೆಟ್ಟಿಗೆಯಲ್ಲಿ ಮಗಳು ರಾಣಿ ಹುಟ್ಟುವ ಹೊತ್ತಿಗೆ ತಾಯಿಯೇ ಅರ್ಧ ಸಂಸಾರ ಕಟ್ಟಿಕೊಂಡು ಹಾರಿಹೋಗುತ್ತಾಳೆ. ದಿಮ್ಮಿಯ ತಾಯಿಗೆ ಅದಾಗದು, ಮೊಟ್ಟೆಯ ಭಾರಕ್ಕೆ ಹೊಟ್ಟೆ ಊದಿ ರೆಕ್ಕೆ ಕೆಲಸಕ್ಕೆ ಬಾರದು. ಅಲ್ಲಿ ಮನೆ ಬಿಡುವವಳು ಮಗಳು. ಬಿಟ್ಟ ಮೇಲೂ ಅವಳ ಕಡೆಯವರು ಬಹಳ ದಿನ ತವರಿನಿಂದ ಮೇಣ, ಜೇನು ಹೊರುತ್ತಾರೆ.

ನಮ್ಮ ಮನೆಯಲ್ಲಿ ನಡೆದದ್ದು ಪೆಟ್ಟಿಗೆಯ ರೀತಿ. ನೀನು ಹೋದಾಗ ನನಗೆ ಜಡೆ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಮದುವೆಯಾದ ಮೇಲೂ ನಾನು ಈ ಮನೆ ಬಿಡಲಿಲ್ಲ.

ಯಜಮಾನಿ ಸತ್ತರೆ ದಿಮ್ಮಿಗಳಿಗೆ ತಿಳಿಸಬೇಕು, ಇಲ್ಲದಿದ್ದರೆ ಜೇನು ಎದ್ದುಹೋಗುತ್ತದೆ ಎಂಬ ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತು. ಯಜಮಾನಿ ಓಡಿಹೋದರೆ ಜೇನಿಗೆ ಏನು ಹೇಳಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ನೀನು ಹೋದ ಬೆಳಿಗ್ಗೆ ಅಪ್ಪ ಮೆಕ್ಕೆಜೋಳದ ಅಂಬಲಿ ಎಡೆ ಇಟ್ಟು, ಒಂದೊಂದೇ ದಿಮ್ಮಿಯನ್ನು ತಟ್ಟಿ, "ನಿಮ್ಮವ್ವ ತೀರ್ಕೊಂಡ್ಲು ಕಣ್ರವ್ವಾ. ಇನ್ಮೇಲೆ ಈ ಕೂಸೇ ನಿಮ್ಗೆ ಯಜಮಾನಿ" ಎಂದ. ನಾನು ಪಕ್ಕದಲ್ಲೇ ನಿಂತಿದ್ದೆ. ಜೇನು ನಂಬಿತು. ನಿಧಾನವಾಗಿ ನಾನೂ ನಂಬಿದೆ.

ಈಗ ನೀನು ಬಂದು ಅಂಗಳದಲ್ಲಿ ನಿಂತರೆ ಆ ಮಾತು ಸುಳ್ಳಾಗುತ್ತದೆ. ಸುಳ್ಳಾಡಿದ ಮನೆಯಲ್ಲಿ ಜೇನು ನಿಲ್ಲುವುದಿಲ್ಲ. ಮುಂದಿನ ತಿಂಗಳು ನನಗೆ ಹೆರಿಗೆ, ಬಾಣಂತಿಗೆ ಆ ಜೇನುತುಪ್ಪವೇ ಆಗಬೇಕು. ಅದಕ್ಕೇ ಬರಬೇಡ. ಚಿಕ್ಕಮ್ಮನ ಕೈಲಿ ನಿನಗೊಂದು ಶಾಲು ಕಳಿಸಿದ್ದೇನೆ, ಚಳಿಗೆ ಹೊದ್ದುಕೋ.

ಇಂತಿ,
ನಿನ್ನ ಮಗಳು
ನಿಕೊಲಾಸಾ ತುಯೂಬ್

ಮತ್ತೆ: ಚಿಕ್ಕಮ್ಮನ ಬಾಯಲ್ಲಿ ಏನೂ ನಿಲ್ಲುವುದಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ಹೋದ ಮಳೆಗಾಲದಲ್ಲಿ ಅಪ್ಪನ ಪೆಟ್ಟಿಗೆ ಜೇನು ನುಗ್ಗಿ ದಿಮ್ಮಿಗಳನ್ನೆಲ್ಲ ದೋಚಿತು. ಒಂದೂ ಉಳಿದಿಲ್ಲ. ನೀನು ಬಂದರೆ ಎದ್ದುಹೋಗಲು ಇಲ್ಲಿ ಯಾವ ಜೇನೂ ಇಲ್ಲ. ಆದರೂ ಬರಬೇಡ, ಅಮ್ಮ.