ಸೀಲು ಒಡೆಯದ ಬಾಟಲಿ

ದೇವದುರ್ಗ
೧೮ ನವೆಂಬರ್ ೨೦೨೪, ಸೋಮವಾರ

ಪ್ರೀತಿಯ ದೇವಿಕಾ,

ಆರೋಗ್ಯವಾಗಿದ್ದೀಯಾ? ಕಾಲಿನ ಬಾವು ಇಳಿಯಿತೋ ಇಲ್ಲವೋ? ಏಳನೆಯ ತಿಂಗಳಲ್ಲಿ ಕೊಡ ಹೊರಬೇಡ. ಇದನ್ನು ನಿನ್ನ ಅತ್ತೆಗೆ ನಾನೇ ಹೇಳಬೇಕೆಂದಿದ್ದೆ, ಬೇಸರ ಮಾಡಿಕೊಂಡಾರೆಂದು ಸುಮ್ಮನಾದೆ. ಉಪ್ಪಿನಕಾಯಿ ಕಡಿಮೆ ತಿನ್ನು, ನಿನ್ನ ಚಪಲ ನನಗೆ ಗೊತ್ತು. ಇಲ್ಲಿ ನಾವು ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಕೈ ಬರುತ್ತಿಲ್ಲ.

ಯುಗಾದಿಯ ಹೊತ್ತಿಗೆ ನಮ್ಮ ಲ್ಯಾಬಿನ ಕೆಲಸ ಕೇಳಿಕೊಂಡು ಇಬ್ಬರು ಬಂದಿದ್ದರಲ್ಲ. ಒಬ್ಬರು ಮಾನ್ವಿಯ ಪರಮಣ್ಣ. ಓದಿದ್ದು ಏಳನೆಯ ತರಗತಿ, ಆದರೆ ರಾಯಚೂರಿನಲ್ಲಿ ಇಪ್ಪತ್ತೆರಡು ವರ್ಷ ರಕ್ತ ಪರೀಕ್ಷೆ ಮಾಡಿದವರು. ಇನ್ನೊಬ್ಬಳು ಮಸರಕಲ್ಲಿನ ಕಾವ್ಯಾ, ಕುರಿ ಕಾಯುವ ಮುದುಕಪ್ಪನ ಮಗಳು, ಅಪ್ಪನ ಜೊತೆ ಬಂದಿದ್ದಳು. ಡಿಪ್ಲೊಮಾದಲ್ಲಿ ಮೊದಲ ದರ್ಜೆ, ಒಂದು ದಿನವೂ ಕೆಲಸ ಮಾಡಿದವಳಲ್ಲ. ಇಬ್ಬರಿಗೂ ನನ್ನ ತೋಳನ್ನೇ ಕೊಟ್ಟೆ. ಪರಮಣ್ಣ ಸೂಜಿ ಹಾಕಿದ್ದು ತೆಗೆದದ್ದು ಗೊತ್ತೇ ಆಗಲಿಲ್ಲ. ಆ ಹುಡುಗಿಯ ಕೈ ನಡುಗಿತು, ಎರಡು ಸಲ ಚುಚ್ಚಿದಳು, ನಾಲ್ಕು ದಿನ ತೋಳು ನೀಲಿಗಟ್ಟಿತ್ತು. ನನಗೆ ಇನ್ನೇನು ನೋಡುವುದಿತ್ತು? ಆರು ವರ್ಷ ಪಾಠ ಹೇಳಿದ ಮೇಲೆ ಬಿ.ಎಡ್. ಇಲ್ಲವೆಂದು ನನ್ನನ್ನು ಶಾಲೆಯಿಂದ ಕಳಿಸಿದ ದಿನ ನೀನೇ ನನ್ನ ಪಕ್ಕದಲ್ಲಿ ಕೂತು ಅತ್ತಿದ್ದೆ. ಸರ್ಟಿಫಿಕೇಟ್ ಹಿಡಿದು ಬಂದವರನ್ನು ಕಂಡರೆ ಅಂದಿನಿಂದ ನನಗೆ ಒಳಗೊಳಗೇ ಸಿಟ್ಟು. ಆ ಸಿಟ್ಟನ್ನು ಮುದುಕಪ್ಪನ ಮಗಳ ಮೇಲೆ ತೀರಿಸಿಕೊಂಡೆ.

ಅವಳು ಆವತ್ತೇ ಒಂದು ಮಾತು ಹೇಳಿದ್ದಳು. ರಕ್ತದ ಗುಂಪು ನೋಡುವಾಗ ಮೂರು ಹನಿ ರಕ್ತಕ್ಕೆ ಮೂರು ಬಾಟಲಿಗಳಿಂದ ಒಂದೊಂದು ಹನಿ ಔಷಧ ಹಾಕುತ್ತಾರೆ. ಮೊದಲೆರಡು ಗುಂಪನ್ನು ಹೇಳುತ್ತವೆ, ಮೂರನೆಯದು ಪಾಸಿಟಿವೋ ನೆಗೆಟಿವೋ ಎಂಬುದನ್ನು. ಹನಿ ಕೂಡಿ ಗಂಟುಗಟ್ಟಿದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ಪರಮಣ್ಣ ನನ್ನ ಗುಂಪು ಬರೆಯುವುದನ್ನು ನೋಡಿ ಕಾವ್ಯಾ, "ಮೂರನೇ ಹನಿ ಇನ್ನಾ ಕೂಡಿಲ್ಲಲ್ರಿ, ಆಗಲೇ ಪಾಸಿಟಿವ್ ಅಂತ ಬರದ್ಬಿಟ್ರಲ್ರಿ?" ಎಂದಳು. ಪರಮಣ್ಣ ನಕ್ಕರು. "ನನ್ನ ಕೈಗೆ ಗೊತ್ತಾಗ್ತದ ಯವ್ವಾ." ನಾನೂ ನಕ್ಕೆ, ಕೆಲಸ ಪರಮಣ್ಣನಿಗೇ ಎಂದೆ. ಅಪ್ಪ ಮಗಳು ಚಹಾ ಕೂಡ ಕುಡಿಯದೆ ಹೋದರು.

ಪರಮಣ್ಣ ಕೆಟ್ಟವರಲ್ಲ. ಅಳುವ ಕೂಸುಗಳು ಅವರ ಮಡಿಲಲ್ಲಿ ಸುಮ್ಮನಾಗುತ್ತಿದ್ದವು, ಹಳ್ಳಿಯ ಮಂದಿ ಅವರನ್ನು ಡಾಕ್ಟರ್ ಎಂದೇ ಕರೆಯುತ್ತಿದ್ದರು. ಹೋದ ಬುಧವಾರ ಗೂಗಲ್ ಊರಿನ ಅಯ್ಯಮ್ಮ ಎಂಬ ಮುದುಕಿ ಬಂದು ನನ್ನ ಟೇಬಲಿನ ಮೇಲೆ ಎರಡು ಚೀಟಿ ಇಟ್ಟಳು. ಆಪರೇಷನ್‌ಗೆಂದು ರಾಯಚೂರಿಗೆ ಹೋಗಿದ್ದಳಂತೆ, ರಕ್ತ ಏರಿಸುವ ಮೊದಲು ಅಲ್ಲಿ ಮತ್ತೆ ಪರೀಕ್ಷೆ ಮಾಡಿದ್ದಕ್ಕೆ ಬದುಕಿದಳಂತೆ. "ನೀವು ಬರದಿದ್ದು ಬ್ಯಾರೆ, ಅಲ್ಲಿ ಬಂದಿದ್ದು ಬ್ಯಾರೆ. ನಾ ಓದಿದಾಕಿ ಅಲ್ಲ, ಯಾವುದು ಖರೇ ನೀವಽ ಹೇಳ್ರಿ" ಎಂದಳು. ಜಗಳಕ್ಕೆ ಬಂದಿರಲಿಲ್ಲ, ತಿಳಿದುಕೊಳ್ಳಲು ಬಂದಿದ್ದಳು. ಅದೇ ನನ್ನನ್ನು ಹೆದರಿಸಿತು.

ಅವಳು ಹೋದ ಮೇಲೆ ಫ್ರಿಜ್ ತೆಗೆದೆ. ಔಷಧ ತರಿಸುವುದು ನಾನೇ, ಮೂರು ಬಾಟಲಿ ಒಂದೇ ಡಬ್ಬಿಯಲ್ಲಿ ಬರುತ್ತವೆ. ಮೊದಲೆರಡು ಮುಗಿದಾಗಲೆಲ್ಲ ಹೊಸ ಡಬ್ಬಿ ತರಿಸಿದ್ದೆ. ಹಿಂದಿನ ಸಾಲಿನಲ್ಲಿ ಮೂರನೆಯವು ನಾಲ್ಕು ನಿಂತಿದ್ದವು. ಒಂದರ ಸೀಲೂ ಒಡೆದಿರಲಿಲ್ಲ. ಎಲ್ಲಕ್ಕಿಂತ ಹಳೆಯದು ಜುಲೈನಲ್ಲಿ ಬಂದದ್ದು.

ಕೇಳಿದೆ. ಪರಮಣ್ಣ ಮುಚ್ಚಿಡಲಿಲ್ಲ. "ನೂರರಾಗ ತೊಂಬತ್ತೈದು ಮಂದಿದು ಪಾಸಿಟಿವ್ ಬರ್ತದ್ರಿ ಅಕ್ಕಾರ. ಇಷ್ಟು ವರ್ಷ ನೋಡೀನಿ. ಗದ್ದಲಿದ್ದಾಗ ಮೂರನೇದು ಯಾಕ ಅಂತ ಬಿಟ್ಟೆ. ಆಮ್ಯಾಲ ರೂಢಿ ಆತ್ರಿ." ಹೇಳುತ್ತಾ ಹೇಳುತ್ತಾ ಅವರ ಮುಖವೇ ಬಿಳಿಚಿಕೊಂಡಿತು. ಉಳಿದ ಐದು ಮಂದಿ ಅವರಿಗೆ ಆಗ ನೆನಪಾದರೇನೋ. ಅವತ್ತೇ ಮಾನ್ವಿಯ ಬಸ್ಸು ಹತ್ತಿದರು.

ಮರುದಿನ ಬೆಳಗ್ಗೆ ಮಸರಕಲ್ಲಿಗೆ ಹೋಗಿ ಕಾವ್ಯಾಳ ಎದುರು ನಿಂತೆ. ಬಯ್ಯಬಹುದಿತ್ತು, ಬಯ್ಯಲಿಲ್ಲ. "ನನ್ನ ಕೈ ಇನ್ನಾ ನಡಗ್ತಾವ್ರಿ ಅಕ್ಕಾರ" ಎಂದಷ್ಟೇ ಹೇಳಿ ನನ್ನ ಜೊತೆ ಬಂದಳು. ನಾಲ್ಕು ದಿನದಿಂದ ರಿಜಿಸ್ಟರ್ ನೋಡಿ ಒಬ್ಬೊಬ್ಬರನ್ನೇ ಕರೆಸುತ್ತಿದ್ದೇವೆ. ಜುಲೈನಿಂದ ಇನ್ನೂರ ಮೂವತ್ತು ಹೆಸರು. ಎಪ್ಪತ್ತು ಮಂದಿ ಬಂದಿದ್ದಾರೆ, ಅವರಲ್ಲಿ ನಾಲ್ವರದ್ದು ತಪ್ಪು. ಅವಳು ಎರಡು ಸಲ ಚುಚ್ಚುತ್ತಾಳೆ, ಎರಡು ಸಲ ನೋಡುತ್ತಾಳೆ, ಮೂರನೆಯ ಹನಿ ಕೂಡುತ್ತದೋ ಇಲ್ಲವೋ ತಿಳಿಯುವವರೆಗೆ ಪೆನ್ನು ಮುಟ್ಟುವುದಿಲ್ಲ. ಹೊರಗೆ ಮಂದಿ ಸಾಲು ನಿಂತಿದ್ದಾರೆ. ಒಬ್ಬರೂ ಗಲಾಟೆ ಮಾಡುತ್ತಿಲ್ಲ. ಗಲಾಟೆ ಮಾಡಿದ್ದರೆ ವಾಸಿಯಿತ್ತು.

ನಿನ್ನ ಅತ್ತೆಗೂ ಪ್ರಭುರಾಜರಿಗೂ ನನ್ನ ನಮಸ್ಕಾರ ಹೇಳು. ಶರಣರ ದಯೆ ನಿನ್ನ ಹೊಟ್ಟೆಯಲ್ಲಿರುವ ಕೂಸಿನ ಮೇಲಿರಲಿ.

ನಿನ್ನ ಅಕ್ಕ,
ಚಂದ್ರಕಲಾ

ಮರೆತು ಬರೆಯುತ್ತಿಲ್ಲ, ಧೈರ್ಯ ಬಾರದೆ ಕೊನೆಗೆ ಬರೆಯುತ್ತಿದ್ದೇನೆ. ಪಂಚಮಿಗೆ ಬಂದಾಗ ನಿನ್ನ ರಕ್ತ ನೋಡಿದ್ದೂ ಪರಮಣ್ಣನೇ. ತಾಯಿ ಕಾರ್ಡಿನಲ್ಲಿರುವ ಪಾಸಿಟಿವ್ ಅವರು ಬರೆದದ್ದು. ಅಕ್ಕನ ಲ್ಯಾಬಿನದೆಂದು ಹಟ ಹಿಡಿದು ನೀನು ಎಲ್ಲಿಯೂ ಮತ್ತೆ ರಕ್ತ ಕೊಡಲಿಲ್ಲ. ನೆಗೆಟಿವ್ ಇದ್ದರೆ, ಮಕ್ಕಳಿಗೆ ಅಪಾಯವಾಗದಂತೆ, ಏಳನೆಯ ತಿಂಗಳಲ್ಲೇ ಒಂದು ಇಂಜೆಕ್ಷನ್ ಬೇಕು ಎನ್ನುತ್ತಾಳೆ ಕಾವ್ಯಾ. ಶನಿವಾರದಿಂದ ನಿಮ್ಮ ಗಂಡ ಹೆಂಡಿರಿಬ್ಬರ ಫೋನೂ ಹತ್ತುತ್ತಿಲ್ಲ, ಈ ಸಾಲು ಬಿಟ್ಟು ನಾನು ಏಳುವಂತಿಲ್ಲ. ಅದಕ್ಕೇ ಪಕ್ಕದ ಮನೆಯ ದುರುಗೇಶನ ಕೈಯಲ್ಲಿ ಪತ್ರ ಕೊಟ್ಟು ಗಾಡಿ ಮಾಡಿ ನಿಮ್ಮ ಮಟಮಾರಿಗೆ ಕಳಿಸಿದ್ದೇನೆ. ಗಾಡಿ ಬಾಗಿಲಲ್ಲೇ ನಿಂತಿರುತ್ತದೆ. ಅಡುಗೆ ಒಲೆಯ ಮೇಲಿದ್ದರೆ ಇರಲಿ, ಅತ್ತೆ ಏನಾದರೂ ಅನ್ನಲಿ, ಹತ್ತಿ ರಾಯಚೂರಿಗೆ ಹೋಗು. ಗುಂಪು ಯಾವುದೆಂದು ಯಾರಾದರೂ ಕೇಳಿದರೆ ಗೊತ್ತಿಲ್ಲ ಎನ್ನು.