ನನ್ನ ಕಂಪ್ಯೂಟರಿನಲ್ಲಿ ನಿಮ್ಮ ದನಿ

ಭಾನುವಾರ, ಮಧ್ಯಾಹ್ನ

ಬೀಗಿತ್ತಿಯವರಿಗೆ ನಮಸ್ಕಾರ.

ನಾನು ಯಾರೆಂದು ನಿಮಗೆ ಗೊತ್ತು. ಆದರೂ ಹೇಳಿಬಿಡುತ್ತೇನೆ. ನಿಮ್ಮ ಮಗನಿಗೆ ಹೆಣ್ಣು ಕೊಟ್ಟವಳು ನಾನು. ಈ ಮನೆಯಲ್ಲಿ ನನ್ನನ್ನು ಕೇಳದೆ ಕಿಟಕಿಯ ಪರದೆಯೂ ಬದಲಾಗುವುದಿಲ್ಲ. ಮೀಸೆ ನರೆತ ಮೈದುನಂದಿರು ಇಂದಿಗೂ ನನ್ನೆದುರು ಕಾಲ ಮೇಲೆ ಕಾಲು ಹಾಕುವುದಿಲ್ಲ. ಇಂಥ ಮನೆಯ ಕಂಪ್ಯೂಟರಿನೊಳಗೆ, ಹೇಳದೆ ಕೇಳದೆ, ನಿಮ್ಮ ದನಿ ಬಂದು ಕೂತಿತ್ತು. ಆ ವಿಚಾರಕ್ಕೇ ಈ ಪತ್ರ.

ಮೊಮ್ಮಗಳು ನಿಮ್ಮ ಕಥೆ ಕೇಳದೆ ಮಲಗುವುದಿಲ್ಲ ಎಂದು ಮಗಳು ಫೋನಿನಲ್ಲಿ ಹೇಳಿದಳು. ಟೋಪಿ ಹೊಲಿಸಲು ಹೋದ ಎಮ್ಮೆಯ ಕಥೆ. ನೀವು ಅದನ್ನು ರೆಕಾರ್ಡ್ ಮಾಡಿ ಕಳಿಸಿದ್ದೀರಂತೆ. "ನೀನೂ ಒಂದು ಮಾಡಿ ಕಳಿಸಮ್ಮ, ಅವರ ಥರ" ಎಂದಳು. ಅವರ ಥರ! ಅನ್ನದಲ್ಲಿ ಕಲ್ಲು ಕಡಿದಂತಾಯಿತು ನನಗೆ. ಮಗಳು ಚಿಕ್ಕವಳಿದ್ದಾಗ ಆ ಕಥೆ ಹೇಳಿ ಅವಳನ್ನು ಮಲಗಿಸಿದವಳು ನಾನು. ಆ ಎಮ್ಮೆ ನಮ್ಮ ಮನೆಯದು. ಅವಳ ಬಾಯಿಂದ ಅದು ನಿಮ್ಮ ಮನೆ ಸೇರಿತು. ನೀವು ಮೇವು ಹಾಕಿ ಕಟ್ಟಿಕೊಂಡಿರಿ.

ಮಾದರಿಗೆಂದು ಅವಳು ನಿಮ್ಮ ಕಥೆಯನ್ನೂ ಕಳಿಸಿದ್ದಳು. ಒಂದೇ ಒಂದು ಸಲ ಕೇಳಿದೆ. ದರ್ಜಿ ಬಾಗಿಲು ತೆರೆಯುವಲ್ಲಿ ನೀವು ಉಸಿರು ಹಿಡಿಯುತ್ತೀರಿ. ಅವನು ಟೇಪು ತರುವಾಗ ಹಿಂದೆಲ್ಲೋ ಲೋಟ ಇಟ್ಟ ಸದ್ದಾಗುತ್ತದೆ. ಎಮ್ಮೆ ಕನ್ನಡಿ ನೋಡುವ ಮುಂಚೆ ಕೆಮ್ಮುತ್ತೀರಿ, ಆಮೇಲೆ ಇನ್ನೊಮ್ಮೆ. ಒಂದು ಸಲ ಕೇಳಿದರೂ ಇಷ್ಟು ಗೊತ್ತಾಗುತ್ತದೆ.

ನಮ್ಮವರು ಲೆಕ್ಕಪತ್ರಕ್ಕೆ ಇಟ್ಟುಕೊಂಡಿದ್ದ ಕಂಪ್ಯೂಟರಿನ ಮುಂದೆ ಕೂತೆ. ರೆಕಾರ್ಡ್ ಮಾಡುವ ಸಾಫ್ಟ್‌ವೇರನ್ನು ಕಳೆದ ಸಲ ಬಂದಾಗ ಮಗಳೇ ಹಾಕಿಕೊಟ್ಟಿದ್ದಳು. ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಬೆವರುತ್ತಾ ಇಡೀ ಕಥೆ ಹೇಳಿದೆ. ತೆರೆಯ ಮೇಲೆ ಅಲೆ ಏಳಬೇಕಿತ್ತು. ಬಟ್ಟೆ ಒಣಹಾಕುವ ತಂತಿಯಂಥ ನೆಟ್ಟನೆಯ ಗೀಟು! ಸದ್ದಿಲ್ಲ. ಸೆಟ್ಟಿಂಗಿಗೆ ಹೋಗಿ ಅಲ್ಲಿದ್ದದ್ದನ್ನೆಲ್ಲ ಒತ್ತಿದೆ. ಮತ್ತೆ ಹೇಳಿದೆ. ಈ ಸಲ ಗೀಟು ಕುಣಿಯಿತು. ನಾನು ಎಲ್ಲೂ ತಪ್ಪಬಾರದೆಂದು ನಿಮ್ಮ ಕಥೆಯನ್ನು ಹೆಡ್‌ಫೋನಿನಲ್ಲಿ ಹಾಕಿಕೊಂಡಿದ್ದೆ, ಅಷ್ಟೇ.

ಹೆಮ್ಮೆಯಿಂದ ನಮ್ಮವರಿಗೆ ಕೇಳಿಸಿದೆ. ಬಂದದ್ದು ನಿಮ್ಮ ದನಿ. ನನ್ನದು ಒಂದಕ್ಷರವಿಲ್ಲ. ಪೇಪರಿನ ಹಿಂದಿನಿಂದಲೇ ಅವರು, "ಬೀಗಿತ್ತಿ ಯಾವಾಗ ಬಂದ್ರು? ಕಾಫಿ ಕೊಟ್ಯಾ?" ಎಂದರು. ಅಂದು ಅವರಿಗೂ ಕಾಫಿ ಸಿಗಲಿಲ್ಲ.

ನಿಮ್ಮ ಮಗನಿಗೇ ಫೋನು ಮಾಡಬೇಕಾಯಿತು. ಮೈಕನ್ನು ಬಳಸಲು ಆ ಸಾಫ್ಟ್‌ವೇರಿಗೆ ಕಂಪ್ಯೂಟರು ಅನುಮತಿಯನ್ನೇ ಕೊಟ್ಟಿರಲಿಲ್ಲವಂತೆ. ನನ್ನ ಮನೆಯಲ್ಲಿ ನನ್ನ ದನಿಗೆ ಅನುಮತಿ! ನಾನು ಒತ್ತಿದ ಇನ್ನೊಂದರಿಂದ, ಮೈಕಿನ ಬದಲು ಕಂಪ್ಯೂಟರಿನ ಒಳಗೆ ಏನು ಓಡುತ್ತಿತ್ತೋ ಅದನ್ನೇ ಅದು ಹಿಡಿದಿತ್ತಂತೆ. "ತಪ್ಪು ನಿಮ್ಮದಲ್ಲ ಅತ್ತೆ, ಹೀಗೆ ಎಲ್ಲರಿಗೂ ಆಗುತ್ತೆ" ಎಂದು ಮೆತ್ತಗೆ ಹೇಳಿದ. ಆ ಮೆತ್ತನೆ ಮಾತು ನಿಮ್ಮಿಂದಲೇ ಬಂದದ್ದು. ಅದಕ್ಕೂ ನನಗೆ ಉರಿಯಿತು. ಎರಡನ್ನೂ ಅವನು ಹೇಳಿದಂತೆ ಸರಿಮಾಡಿದೆ.

ಮೂರನೆಯ ಸಲ ಕೆಂಪು ಗುಂಡಿ ಒತ್ತಿದಾಗ ಹಳೆಯ ರೆಕಾರ್ಡು ಅಳಿಸಿರಲಿಲ್ಲ. ಮೇಲಿನ ಗೀಟಿನಲ್ಲಿ ನೀವು ಓಡುತ್ತಿದ್ದಿರಿ, ಕೆಳಗೆ ನಾನು ಶುರುಮಾಡಿದೆ. ಕಿವಿಯಲ್ಲಿ ನೀವು, "ಕೊಂಬಿಗೆ ಟೋಪಿ ಹಿಡೀಲಿಲ್ಲ, ಪಾಪ, ಎಮ್ಮೆ ಅಳ್ತಾ ಕೂತ್ಕೊಳ್ತಂತೆ" ಎಂದಿರಿ. ನನಗೆ ತಡೆಯಲಾಗಲಿಲ್ಲ. "ಯಾಕ್ರೀ ಅಳ್ಬೇಕು? ಕೊಂಬಿರೋದು ಯಾತಕ್ಕೆ? ದರ್ಜಿ ಬಾಗಿಲು ಗುದ್ದು, ಇನ್ನೊಂದು ಸಲ ಅಳತೆ ತಗೊಳ್ಳೋ ಅನ್ನು!" ಎಂದುಬಿಟ್ಟೆ. ಅಲ್ಲಿಂದ ಕೊನೆಯವರೆಗೆ ನಿಮ್ಮನ್ನು ಒಂದು ಸಾಲಿಗೂ ಬಿಡಲಿಲ್ಲ. ನೀವೂ ನಿಲ್ಲಿಸಲಿಲ್ಲ.

ನಿಮ್ಮನ್ನು ಸುಮ್ಮನಿರಿಸುವ ಗುಂಡಿಯೊಂದು ಅದರಲ್ಲಿದೆ. ಸಂತೋಷದಿಂದ ಒತ್ತಿದೆ. ಆಮೇಲೆ ನನ್ನೊಬ್ಬಳದನ್ನೇ ಕೇಳಿದೆ. ಖಾಲಿ ಕೋಣೆಯಲ್ಲಿ ಒಬ್ಬ ಮುದುಕಿ ಬೈಯುತ್ತಾಳೆ, ನಿಲ್ಲಿಸುತ್ತಾಳೆ, ಉತ್ತರಕ್ಕೆ ಕಾಯುತ್ತಾಳೆ, ಮತ್ತೆ ಬೈಯುತ್ತಾಳೆ. ಬಹಳ ಹೊತ್ತು ಕೇಳಲಾಗಲಿಲ್ಲ. ಅದನ್ನು ಕೇಳಿ ಯಾವ ಮಗು ಮಲಗೀತು?

ಗುಂಡಿಯನ್ನು ಮತ್ತೆ ಒತ್ತಿ ನಿಮ್ಮನ್ನು ಒಳಗೆ ಕರೆದುಕೊಂಡೆ. ಎರಡು ದನಿಯೂ ಇದ್ದ ಹಾಗೆಯೇ ಸೇವ್ ಮಾಡಿ, ಬೆಳಿಗ್ಗೆ ಮೊಮ್ಮಗಳಿಗೆ ಕಳಿಸಿಯಾಯಿತು. ನಿಮ್ಮ ಒಪ್ಪಿಗೆ ಕೇಳಿಲ್ಲ. ಎಮ್ಮೆ ನಮ್ಮದು.

ಇಂತಿ,
ನಿಮ್ಮ ಸೊಸೆಯ ತಾಯಿ

ಮರೆತಿದ್ದೆ: ಇದ್ದ ಹಾಗೆಯೇ ಎಂದು ಬರೆದದ್ದು ಪೂರ್ತಿ ನಿಜವಲ್ಲ. ಕಳಿಸುವ ಮೊದಲು ನಿಮ್ಮ ದನಿಯನ್ನು ನನ್ನದಕ್ಕಿಂತ ಒಂದು ಕೂದಲೆಳೆಯಷ್ಟು ತಗ್ಗಿಸಿದ್ದೇನೆ, ಮಗಳಿಗೆ ಹೇಳಬೇಡಿ. ಕೆಮ್ಮನ್ನು ಎರಡೂ ಕಡೆ ಕತ್ತರಿಸಿ ತೆಗೆದೆ. ದಿನಾ ಕೇಳುತ್ತಿದ್ದೇನೆ, ಅದು ಬರೀ ಗಂಟಲಿನ ಕೆಮ್ಮಲ್ಲ. ಡಾಕ್ಟರಿಗೆ ತೋರಿಸಿದಿರಾ?